ಬಾನಿಗೆ ಬಿದ್ದ ಉಪ್ಪು

ಸಗರ, ತಾ. ಶಹಾಪುರ
8 ಸೆಪ್ಟೆಂಬರ್ 2024, ರವಿವಾರ

ಪ್ರೀತಿಯ ಕಲ್ಪನಾ,

ನಿನಗೂ ಕೂಸಿಗೂ ನಿನ್ನ ಅತ್ತೆಯ ಆಶೀರ್ವಾದ. ಮೈ ಹೇಗಿದೆ? ಹೊಲಿಗೆಯ ನೋವು ಇಳಿಯಿತೇ? ಸೊಂಟ ಬಿಗಿದು ಕಟ್ಟಿಕೊಳ್ಳುತ್ತಿದ್ದೀಯೋ, ಸೆಕೆ ಎಂದು ಬಿಚ್ಚಿ ಒಗೆದಿದ್ದೀಯೋ? ನಿನ್ನನ್ನು ನಾನು ಬಲ್ಲೆ. ಕಿವಿಗೆ ಹತ್ತಿ ಇಟ್ಟುಕೋ. ಅಳವಿ ಪಾಯಸ ಮುಖ ಸಿಂಡರಿಸದೆ ಕುಡಿ. ಮಹೇಶನ ಕೈಯಲ್ಲಿ ಅಂಟಿನುಂಡಿ ಕಳಿಸುತ್ತಿದ್ದೇನೆ, ಅವನು ದಾರಿಯಲ್ಲಿ ಎರಡು ತಿಂದರೂ ನಿನಗೆ ಸಾಕಾಗುವಷ್ಟಿವೆ. ಕೂಸು ಹಾಲು ಬರಾಬರಿ ಕುಡಿಯುತ್ತದೆಯೇ? ಫೋಟೋದಲ್ಲಿ ನೋಡಿದರೆ ಮೂಗು ನಮ್ಮ ಮನೆಯದು, ಸಿಟ್ಟು ಮಾತ್ರ ನಿನ್ನ ತವರು ಬಳಿಚಕ್ರದ್ದು. ಬೀಗತಿ ಮಲ್ಲೇಶ್ವರಿಯವರೇ, ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಈ ಕಾಗದವನ್ನು ನೀವೇ ಮಗಳಿಗೆ ಓದಿ ಹೇಳುತ್ತೀರೆಂದು ಗೊತ್ತು. ಸಿಟ್ಟಿನ ಮಾತು ಚೇಷ್ಟೆಗೆ ಬರೆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಕೈ ಮುಗಿದು ಕೇಳುತ್ತೇನೆ, ನಡುವೆ ಎಲ್ಲಿಯೂ ಬಿಟ್ಟು ಓದಬೇಡಿ. ಕೆಟ್ಟ ಸುದ್ದಿ ಕೇಳಿದರೆ ಎದೆಹಾಲು ಬತ್ತುತ್ತದೆ ಎನ್ನುತ್ತೀರಿ. ಅರ್ಧ ಸುದ್ದಿ ಕೇಳಿ ಈ ಹುಡುಗಿ ಮೂರು ದಿನದಿಂದ ಸರಿಯಾಗಿ ಉಂಡಿಲ್ಲವಂತೆ. ಅದಕ್ಕೇ ಪೂರ್ತಿ ಸುದ್ದಿ ಬರೆಯುತ್ತಿದ್ದೇನೆ.

ಫೋನು ಬಿಟ್ಟು ಕಾಗದವೇಕೆ ಎಂದು ನಗಬೇಡ ಕಲ್ಪನಾ. ಫೋನಿನಲ್ಲಿ ನೀನು ಅಳುತ್ತೀ, ನಿನ್ನ ದನಿ ಕೇಳಿ ನಾನು ಅಳುತ್ತೇನೆ, ಅಷ್ಟರಲ್ಲಿ ನಿಮ್ಮ ಅವ್ವ ಸಾಕು ಸಾಕು ಎಂದು ಕಸಿದುಕೊಳ್ಳುತ್ತಾರೆ. ಗುರುವಾರ ಆದದ್ದೂ ಅದೇ. ಹೇಗೆ ಹೇಳಬೇಕೆಂದು ತಿಳಿಯದೆ ಮಹೇಶ 'ಆಯಿ ಬಾನಿಗಿ ಉಪ್ಪು ಹಾಕ್ಯಾರ, ಹುಳ ಭಾಳ ಸತ್ತಾವ' ಎಂದು ಒಂದೇ ಉಸಿರಿಗೆ ಕಕ್ಕಿಬಿಟ್ಟ. ನಾನೇ ಹೆತ್ತ ಮಗ, ಆದರೂ ಹೇಳುತ್ತೇನೆ, ಅವನಿಗೆ ಮಾತಿನ ಹದ ಗೊತ್ತಿಲ್ಲ. ನೀನು ಅತ್ತು ಅತ್ತು 'ಅವರು ನನ್ನ ಕೂಸಿನ ಹತ್ತರ ಬರೂದು ಬ್ಯಾಡ, ತೊಟ್ಟಿಲಿಗಿ ಕೈ ಹಚ್ಚೂದು ಬ್ಯಾಡ' ಎಂದೆ. ಹಡೆದು ಹದಿನೈದು ದಿನ ತುಂಬದವಳು, ಮೂರು ವರ್ಷದ ದುಡಿತ ಒಂದು ಹಿಡಿ ಉಪ್ಪಿಗೆ ಹೋಯಿತೆಂದು ಕೇಳಿದರೆ ಇನ್ನೇನು ಅಂದಾಳು? ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ನಾಲ್ಕು ಮಾತು ಜಾಸ್ತಿಯೇ ಆಡುತ್ತಿದ್ದೆ. ಆದರೆ ಮಹೇಶ ಸ್ಪೀಕರ್ ಹಚ್ಚಿದ್ದ. ಆಯಿ ಅಲ್ಲೇ ಪಡಸಾಲೆಯಲ್ಲಿ ಹೆಸರುಕಾಯಿ ಬಿಡಿಸುತ್ತ ಕುಳಿತಿದ್ದರು. ಎಲ್ಲ ಕೇಳಿಸಿತು. ನನ್ನ ಅತ್ತೆಯ ಮುಖವನ್ನು ನಾನು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ನೋಡುತ್ತಿದ್ದೇನೆ, ಅಷ್ಟು ಸಣ್ಣದಾದದ್ದನ್ನು ಎಂದೂ ನೋಡಿರಲಿಲ್ಲ. ಮೊರದಲ್ಲಿ ಉಳಿದಿದ್ದ ಕಾಯಿಗಳನ್ನೆಲ್ಲ ಬಿಡಿಸಿ ಮುಗಿಸಿ ಎದ್ದು ಹೋದರು.

ಮೊದಲು ನಿನಗೆ ಬೇಕಾದ ಸುದ್ದಿ. ನಿನ್ನ ಬಸವನಹುಳಗಳಲ್ಲಿ ಮೂರು ಉಳಿದಿವೆ. ನಿನ್ನೆ ಸಂಜೆಯೂ ನೋಡಿದೆ, ಇಂದು ಮುಂಜಾನೆಯೂ ನೋಡಿದೆ, ಮೂರೂ ತಿನ್ನುತ್ತಿವೆ, ಮೂರೂ ಹೇಲುತ್ತಿವೆ. ಬೀಗತಿಯವರೇ, ಹಾಗೇ ಓದಿ, ನಾಚಬೇಡಿ. ಹೇಲುವುದು ಒಳ್ಳೆಯ ಲಕ್ಷಣ ಎಂದು ನಿಮ್ಮ ಮಗಳೇ ನನಗೆ ಕಲಿಸಿದ್ದು. ಉಳಿದವು ಹೋದವು. ಹೊಳೆ ನಡುವಿನ ಗಡ್ಡಿಯ ಸುದ್ದಿಯೂ ಅಷ್ಟು ಚೆನ್ನಾಗಿಲ್ಲ. ಹೊಳೆ ಇಳಿದ ಮೇಲೆ ಶುಕ್ರವಾರ ಮಹೇಶ ಮತ್ತು ನಿನ್ನ ಕಾಲೇಜಿನ ಜೊತೆಗಾತಿ ಫರ್ಹೀನ್ ಹರಗೋಲಿನಲ್ಲಿ ಹೋಗಿ ಬಂದರು. ಮೊಳಕಾಲುದ್ದ ಕೆಸರು ಕೂತಿದೆಯಂತೆ. ಖಾಲಿ ಚಿಪ್ಪುಗಳು ಸಿಕ್ಕವು, ಜೀವ ಇದ್ದದ್ದು ಒಂದೂ ಸಿಗಲಿಲ್ಲ. ಹುಳ ಅಡಗಿ ಕೂರುತ್ತವೆ ಎಂದು ನೀನು ಯಾವಾಗಲೂ ಹೇಳುವ ಆ ದೊಡ್ಡ ಬಂಡೆಯ ಸೀಳಿನ ತನಕ ಹೋಗಲು ಇನ್ನೂ ಆಗಿಲ್ಲ, ಕಾಲು ಹುಗಿಯುತ್ತದೆಯಂತೆ. ಕೆಸರು ಆರಿದ ಮೇಲೆ ಮತ್ತೆ ಹೋಗುತ್ತಾರೆ. ಅಲ್ಲಿಯವರೆಗೆ ನಮ್ಮ ಬಾನಿಯೊಳಗಿನ ಮೂರೇ ಲೆಕ್ಕ.

ನೀನು ಅದನ್ನು ಮೊದಲ ಸಲ ಮನೆಗೆ ತಂದ ದಿನ ನೆನಪಿದೆಯೇ? ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಬೇರೆ ಸೊಸೆಯರು ಬಳೆ ತಂದರೆ, ಸೀರೆ ತಂದರೆ, ನಮ್ಮವಳು ಬೆಂಕಿಪೊಟ್ಟಣದಲ್ಲಿ ಹುಳ ತಂದಿದ್ದಳು. ಕೃಷ್ಣೆಯ ನಡುವಿನ ಕರಿಕಲ್ಲಗಡ್ಡಿ ಬಿಟ್ಟರೆ ಈ ಜಗತ್ತಿನಲ್ಲಿ ಎಲ್ಲಿಯೂ ಇಂಥದ್ದು ಇಲ್ಲ ಅತ್ತಿ ಎಂದು ನೀನು ಕುಣಿಯುತ್ತಿದ್ದೆ. ನಾನು ದಡ್ಡಿ, 'ಎಲ್ಲಿಯೂ ಇಲ್ಲಂದ್ರ, ಬೀದರದಾಗೂ ಇಲ್ಲೇನ?' ಎಂದು ಕೇಳಿದ್ದೆ. ನೀನು ನಕ್ಕಿದ್ದಕ್ಕೆ ನನಗೆ ಸಿಟ್ಟು ಬಂದು ಅಂದು ನಿನಗೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಬಡಿಸಲೇ ಇಲ್ಲ, ಗೊತ್ತೇ? ಆಯಿ ಮಾತ್ರ ಕನ್ನಡಕ ಏರಿಸಿಕೊಂಡು ಆ ಬಟಾಣಿ ಗಾತ್ರದ ಹುಳವನ್ನು ಬಹಳ ಹೊತ್ತು ನೋಡಿದರು. ಕಂದು ಚಿಪ್ಪಿನ ಮೇಲೆ ಮೂರು ಬಿಳಿ ಗೆರೆ. 'ಯವ್ವಾ, ವಿಭೂತಿ ಹಚ್ಚಿಕೊಂಡಾವ ನೋಡು! ಬಸವಣ್ಣನ ಹುಳ ಅಂತ ಸುಮ್ನ ಅಂತಾರೇನು?' ಎಂದರು. ಅಂದಿನಿಂದ ಅವರಿಗೆ ಅದು ಹುಳವಲ್ಲ, ಶರಣ. ನೀನು ಗಡ್ಡಿಗೆ ಹೊರಟಾಗಲೆಲ್ಲ ಬುತ್ತಿಯನ್ನು ಅವರೇ ಕಟ್ಟಿದ್ದು. ಸೊಸೆಯನ್ನು ಹೊಳೆ ದಾಟಲು ಬಿಡುತ್ತಾರೆ ಎಂದು ಓಣಿಯವರು ಆಡಿಕೊಂಡಾಗ 'ನಮ್ಮಾಕಿ ಬಸವಣ್ಣನ ಸೇವಾ ಮಾಡಾಕ ಹೊಂಟಾಳ, ನಿಮಗೇನಾತು?' ಎಂದು ಬಾಯಿ ಮುಚ್ಚಿಸಿದವರೂ ಅವರೇ. ಇದನ್ನೆಲ್ಲ ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ, ಬರೆಯುವಾಗ ಕೈ ತಾನೇ ಅಲ್ಲಿಗೆ ಹೋಯಿತು.

ಆಷಾಢದ ಕೊನೆಗೆ ಡ್ಯಾಮಿನ ಗೇಟು ಎತ್ತುತ್ತಾರೆ ಎಂದು ಡಂಗುರ ಹೊಡೆದಾಗ ನೀನು ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಹರಗೋಲು ಹತ್ತಲು ಹೊರಟವಳು. ನಾನು ಬಾಗಿಲಿಗೆ ಅಡ್ಡ ನಿಂತಿರದಿದ್ದರೆ ಹತ್ತಿಯೂ ಬಿಡುತ್ತಿದ್ದೆ. ಕೊನೆಗೆ ಮಹೇಶ ಮತ್ತು ಫರ್ಹೀನ್ ಹೋಗಿ, ನೀರು ಏರುವ ಮೊದಲು, ಗಡ್ಡಿಯ ಮಣ್ಣು, ಎಲೆ, ಕಲ್ಲು ಸಮೇತ ಒಂದು ಬೊಗಸೆ ಹುಳ ತಂದು ನಮ್ಮ ಹಳೆಯ ಮಣ್ಣಿನ ಬಾನಿಯಲ್ಲಿ ಬಿಟ್ಟರು. ಹಿಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದ ಬಾನಿ. ನೀನು ತವರಿಗೆ ಹೋಗುವ ದಿನ ಕಾರಿನಲ್ಲಿ ಕುಳಿತ ಮೇಲೂ ಮಣ್ಣು ಒಣಗಿಸಬೇಡಿ, ಸೌತೆಕಾಯಿ ತೆಳ್ಳಗೆ ಹೆಚ್ಚಿರಿ, ಮೊಟ್ಟೆಯ ಚಿಪ್ಪಿನ ಪುಡಿ ಉದುರಿಸಿರಿ ಎಂದು ಹೇಳುತ್ತಲೇ ಇದ್ದೆ. ನಮ್ಮ ಲಿಂಗವಂತರ ಮನೆಗೆ ಮೊಟ್ಟೆ ಎಲ್ಲಿಂದ ಬರಬೇಕು ತಾಯಿ? ಪಾಪ, ಫರ್ಹೀನ್ ತನ್ನ ಮನೆಯಿಂದ ಪುಡಿ ಮಾಡಿ ಕಾಗದದಲ್ಲಿ ಮಡಚಿ ತರುತ್ತಿದ್ದಳು. ಆಯಿ ಏನದು ಎಂದು ಕೇಳಿದರೆ 'ಔಷಧಿರಿ ಆಯಿ' ಎನ್ನುತ್ತಿದ್ದಳು. ಆಯಿ ಆ ಪೊಟ್ಟಣವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಾನಿಗೆ ಉದುರಿಸುತ್ತಿದ್ದರು. ನನಗೆ ನಗು ತಡೆಯಲಾಗದೆ ಹಿತ್ತಲಿಗೆ ಓಡಿಹೋಗುತ್ತಿದ್ದೆ. ಅವರಿಗೆ ಇಂದಿಗೂ ಗೊತ್ತಿಲ್ಲ, ನೀನೂ ಹೇಳಬೇಡ.

ಎಲ್ಲ ಚೆನ್ನಾಗಿತ್ತು. ಪೇಪರಿನವರು ಬಂದು ಫೋಟೋ ಹಾಕಿದ್ದೇ ಗೋಳಾಯಿತು. ಶಹಾಪುರದಿಂದ, ಸುರಪುರದಿಂದ, ಯಾರ್ಯಾರೋ ಬಂದು ಬಾನಿಯ ಸುತ್ತ ನಿಂತು ಬಾಯಿ ಬಿಟ್ಟು ನೋಡುವುದು, ಮೊಬೈಲಿನಲ್ಲಿ ಹಿಡಿಯುವುದು, 'ಎಷ್ಟ್ ಛಂದ ಅದಾವರಿ!' ಎನ್ನುವುದು. ಬಂದವರಿಗೆ ಚಹಾ ಮಾಡಿ ಮಾಡಿ ನಾನು ಹೈರಾಣಾದೆ. ಶ್ರಾವಣದ ಕೊನೆಯ ವಾರ, ಮನೆ ತುಂಬ ಜನ, ನೀನು ಹಡೆದ ಸುದ್ದಿ ಬೇರೆ. ಆ ಗಡಿಬಿಡಿಯಲ್ಲಿ ಎರಡು ದಿನ ಬಾನಿಗೆ ನೀರು ಚಿಮುಕಿಸುವುದು ತಪ್ಪಿತು. ಬಿಸಿಲೂ ಬಿದ್ದಿತ್ತು. ಹುಳಗಳು ಚಿಪ್ಪಿನೊಳಗೆ ಸರಿದು, ಬಾಯಿಗೆ ಬಿಳಿ ಪೊರೆ ಹಾಕಿಕೊಂಡು ಮಲಗಿಬಿಟ್ಟವು. ಒಣಗಿದರೆ ಹಾಗೆ ಮಲಗುತ್ತವೆ ಎಂದು ನೀನು ನನಗೆ ಹೇಳಿದ್ದೆ. ಆಯಿಗೆ ಏನು ಗೊತ್ತು? ಮುಂಜಾನೆ ಎದ್ದು ನೋಡುತ್ತಾರೆ, ಒಂದೂ ಅಲುಗುತ್ತಿಲ್ಲ. ಇಷ್ಟು ಮಂದಿಯ ಕಣ್ಣು ಬಿದ್ದ ಮೇಲೆ ಇನ್ನೇನಾಗುತ್ತದೆ ಎಂದುಕೊಂಡರು.

ಆ ದಿನ ಬೆನಕನ ಅಮಾವಾಸ್ಯೆ. ನಾನು ಗಿರಣಿಗೆ ಹೋಗಿದ್ದೆ. ನಮ್ಮ ಆಯಿ ಯಾರ ದೃಷ್ಟಿ ತೆಗೆದಿಲ್ಲ ಹೇಳು? ಮಹೇಶನದು, ಎಮ್ಮೆಯದು, ಅವನು ಹೊಸ ಮೋಟರ್ ಸೈಕಲ್ ತಂದಾಗ ಅದರದು, ನೀನು ಕಾಲೇಜಿನಲ್ಲಿ ನೌಕರಿ ಹಿಡಿದ ದಿನ ನಿನ್ನದು. ಮನುಷ್ಯರದಾದರೆ ನಿವಾಳಿಸಿದ ಉಪ್ಪು, ಮೆಣಸಿನಕಾಯಿ ಒಲೆಗೆ ಹೋಗುತ್ತದೆ. ದನದ್ದು, ಗಿಡದ್ದಾದರೆ ಉಪ್ಪನ್ನು ಅದರ ಬುಡದ ನಾಲ್ಕು ದಿಕ್ಕಿಗೆ ಚೆಲ್ಲಿ ಮೇಲೆ ನೀರು ಚಿಮುಕಿಸುವುದು ನಮ್ಮ ಮನೆಯ ಪದ್ಧತಿ. ಆಯಿ ಹಾಗೇ ಮಾಡಿದರು. ಕಲ್ಲುಪ್ಪು ಮುಷ್ಟಿಯಲ್ಲಿ ಹಿಡಿದು, ಬಾನಿಯ ಸುತ್ತ ಇಳಿ ತೆಗೆದು, ಒಳಗೆ ನಾಲ್ಕೂ ದಿಕ್ಕಿಗೆ ಚೆಲ್ಲಿ ತಂಬಿಗೆಯಿಂದ ನೀರು ಹೊಯ್ದರು. ಉಪ್ಪು ತಾಗಿಸಬಾರದು ಎಂದು ನೀನು ನನಗೆ ಹೇಳಿದ್ದೆ, ಮಹೇಶನಿಗೆ ಹೇಳಿದ್ದೆ. ಆಯಿಗೆ ನೀನೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹುಳದ ಬಾನಿಗೆ ಉಪ್ಪು ಯಾರು ಹಾಕುತ್ತಾರೆ ಎಂದು ಇಬ್ಬರೂ ಸುಮ್ಮನಿದ್ದೆವು.

ನಾನು ಹಿಟ್ಟಿನ ಡಬ್ಬಿ ಹೊತ್ತು ಒಳಗೆ ಬರುವಾಗ ಆಯಿ ಅಂಗಳದಿಂದಲೇ ಕೂಗಿದರು: 'ದೃಷ್ಟಿ ಬಿಡ್ತು ಬಾ ನಾಗರತ್ನಾ, ಎಲ್ಲಾ ಎದ್ದಾವ ನೋಡು!' ಅವರ ದನಿಯಲ್ಲಿ ಎಷ್ಟು ಸಂತೋಷವಿತ್ತು ಎಂದು ನಿನಗೆ ಹೇಗೆ ಹೇಳಲಿ! ಹೌದು, ಎದ್ದಿದ್ದವು. ನೀರು ತಾಗಿದೊಡನೆ ಮಳೆ ಬಂತೆಂದು ಎಲ್ಲ ಪೊರೆ ಹರಿದುಕೊಂಡು ಹೊರಗೆ ಬಂದು, ಕೋಡು ಚಾಚಿ, ಉಪ್ಪಿನ ಮಣ್ಣಿನ ಮೇಲೆ ಹರಿದಾಡುತ್ತಿದ್ದವು. ನಾನು ನೋಡುನೋಡುತ್ತಿದ್ದಂತೆ ಒಂದೊಂದೇ ನೊರೆ ಕಾರತೊಡಗಿದವು. ಡಬ್ಬಿ ಅಲ್ಲೇ ಎಸೆದು ಬಾನಿಗೆ ಕೈ ಹಾಕಿದೆ. ಒಂದೊಂದನ್ನೇ ಎತ್ತಿ ಹರವಿಯ ನೀರಿನಲ್ಲಿ ತೊಳೆದೆ, ತಟ್ಟೆಯಲ್ಲಿ ಇಟ್ಟೆ, ಮತ್ತೆ ತೊಳೆದೆ. ಆಯಿ ಏನಾಯ್ತು ಏನಾಯ್ತು ಎನ್ನುತ್ತ ಹಿಂದೆ ಮುಂದೆ ತಿರುಗುತ್ತಿದ್ದರು. ನನಗೆ ತಾಳ್ಮೆ ಎಲ್ಲಿಯದು? 'ಉಪ್ಪು ಹಾಕಿ ಕೊಂದ್ರಲ್ಲ ಅತ್ತಿ!' ಎಂದು ಚೀರಿದೆ. ಫರ್ಹೀನ್‌ಗೆ ಫೋನು ಮಾಡಿದೆವು. ಆ ಹುಡುಗಿ ಶಹಾಪುರದಿಂದ ಸಿಕ್ಕ ಟಂಟಂ ರಿಕ್ಷಾ ಹತ್ತಿ ಬಂದಳು, ಬರುವಷ್ಟರಲ್ಲಿ ಮೂರು ಬಿಟ್ಟು ಎಲ್ಲ ಹೋಗಿದ್ದವು. ಸತ್ತವನ್ನು ಅವಳು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿ ಒಯ್ದಿದ್ದಾಳೆ, ನಿನಗೆ ಮುಂದೆ ಬೇಕಾಗುತ್ತವಂತೆ. ಉಳಿದ ಮೂರಕ್ಕೆ ಹೊಸ ಮಣ್ಣು ಹಾಕಿ, ಬಾನಿಯನ್ನು ಕುದಿಯುವ ನೀರಿನಲ್ಲಿ ತೊಳೆದು ತೊಳೆದು ಇಟ್ಟಿದ್ದಾಳೆ. ನನ್ನ ತಂಗಿಯಾಗಿ ಹುಟ್ಟಬೇಕಿತ್ತು ಅವಳು.

ಅಂದಿನಿಂದ ಆಯಿ ಒಪ್ಪತ್ತು ಉಣ್ಣುತ್ತಿದ್ದಾರೆ. ಲಿಂಗಪೂಜೆಗೆ ಕುಳಿತರೆ ಏಳುವುದೇ ಇಲ್ಲ. ಇರುವೆಯ ಸಾಲು ಕಂಡರೆ ಸುತ್ತು ಹಾಕಿ ಹೋಗುವ ಜೀವ ಅದು, ಗೊತ್ತಲ್ಲ ನಿನಗೆ. 'ಬಸವಣ್ಣನ ಹುಳ ಕೊಂದೀನಿ, ನಾ ಎಲ್ಲಿ ಹೋಗಿ ತೊಳಕೊಳ್ಳಲಿ' ಎಂದು ಒಮ್ಮೆ ಅಂದರು. ಆದರೂ ಗುರುವಾರದ ತನಕ ಒಂದು ಆಸೆ ಇಟ್ಟುಕೊಂಡಿದ್ದರು. ಇನ್ನೊಂದು ವಾರಕ್ಕೆ ತೊಟ್ಟಿಲು. ಮಹೇಶನಿಗೆ ಅಕ್ಕತಂಗಿಯರಿಲ್ಲ, ಹೀಗಾಗಿ ಕೂಸನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಕೂಗುವ ಹಕ್ಕು ತಮ್ಮದೆಂದು ಆಯಿ ನಿನ್ನ ಸೀಮಂತದ ದಿನವೇ ಎಲ್ಲರ ಮುಂದೆ ಹೇಳಿದ್ದರಲ್ಲ. ತಮ್ಮ ಹಳೆಯ ಇಳಕಲ್ ಸೀರೆ ಹರಿದು ಕೌದಿ ಹೊಲಿದಿಟ್ಟಿದ್ದರು. ಗುರುವಾರ ರಾತ್ರಿ ಆ ಕೌದಿಯನ್ನು ಮಡಚಿ ನನ್ನ ತೊಡೆಯ ಮೇಲಿಟ್ಟು 'ನೀನ ಒಯ್ಯು. ಆಕಿ ಅಂದದ್ದು ಬರಾಬರಿ ಅದ. ಈ ಕೈ ಕೂಸಿಗಿ ಬ್ಯಾಡ' ಎಂದರು. ನಾನೂ ಮಹೇಶನೂ ಅವನ ಅಪ್ಪನೂ ಎಷ್ಟು ಹೇಳಿದರೂ ಕೇಳಲಿಲ್ಲ. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೇ ಓಡಾಡುತ್ತಾರೆ. ಬಾನಿಯ ಕಡೆಗಂತೂ ಹಾಯುವುದೇ ಇಲ್ಲ, ಹಿತ್ತಲಿಗೆ ಹೋಗಬೇಕಾದರೂ ಸುತ್ತು ಬಳಸಿ ಹೋಗುತ್ತಾರೆ.

ನಿನಗೆ ಸಿಟ್ಟು ಇರಬಾರದು ಎಂದು ನಾನು ಹೇಳುವವಳಲ್ಲ. ಬಿಸಿಲಿನಲ್ಲಿ ಸುಟ್ಟು ಕರಿಕಾಗಿ ಮನೆಗೆ ಬಂದು, ಊಟ ಬಿಟ್ಟು, ಕೂದಲಿಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟು ನೀನು ಆ ಹುಳಗಳ ಹಿಂದೆ ತಿರುಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಹೊಳೆದಂಡೆಯ ಊರೂರು ತಿರುಗಿ, ಒಂದೊಂದು ಗಡ್ಡಿ ಹತ್ತಿ ಇಳಿದು, ಎಲ್ಲಿಯೂ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದವಳು ನೀನು. ಒಂದು ಜಾತಿಯೇ ಮುಗಿದುಹೋದರೆ ಹೇಗಿರುತ್ತದೆ ಎಂದು ನೀನು ಹೇಳುವಾಗ ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ಅಂದು ಹರವಿಯ ನೀರಿನಲ್ಲಿ ತೊಳೆಯುತ್ತ ಕುಳಿತಾಗ ಪೂರ್ತಿ ತಿಳಿಯಿತು. ಆ ಮೂರನ್ನು ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ. ನೋಡಲು ಬಂದವರಿಗೆ ಬಾಗಿಲಲ್ಲೇ ನಮಸ್ಕಾರ, ಚಹಾವೂ ಇಲ್ಲ, ಹುಳವೂ ಇಲ್ಲ. ನೀನು ಉಣ್ಣು, ಮಲಗು, ಕೂಸಿಗೆ ಹಾಲು ಕೊಡು. ಕೆಸರು ಆರಿದೊಡನೆ ಬಂಡೆಯ ಸೀಳಿನ ಸುದ್ದಿ ಕಳಿಸುತ್ತೇನೆ, ಒಳ್ಳೆಯದಿರಲಿ, ಕೆಟ್ಟದಿರಲಿ, ಮುಚ್ಚಿಡುವುದಿಲ್ಲ.

ನಿನ್ನ ಮಾವ ಕೂಸಿನ ಕಾಲಿಗೆ ಬೆಳ್ಳಿಯ ಗೆಜ್ಜೆಗೆ ಹೇಳಿದ್ದಾರೆ, ಸದ್ದು ಸಣ್ಣಗಿರಲಿ ಎಂದು ನಾನು ಹೇಳಿದ್ದೇನೆ. ಬೀಗರಿಗೆ, ಬೀಗತಿಯವರಿಗೆ ನಮ್ಮೆಲ್ಲರ ಶರಣು. ನನ್ನ ಮೊಮ್ಮಗಳ ಎರಡೂ ಪಾದಕ್ಕೆ ಮುತ್ತು. ನೀವಿಬ್ಬರೂ ತಂಪಾಗಿರಿ, ನೂರು ವರ್ಷ ಬಾಳಿರಿ.

ನಿನ್ನ ಅತ್ತೆ,
ನಾಗರತ್ನಾ

ತಾ. ಕ.: ಮಹೇಶ ಗಾಡಿ ಚಾಲು ಮಾಡಿ ಹಾರ್ನ್ ಬಾರಿಸುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಕಾಗದ ಮಡಚುವಾಗ ಅಂಗಳದಲ್ಲಿ ಸದ್ದಾಯಿತೆಂದು ಹೋದೆ. ಆಯಿ ಬಾನಿಯ ಹತ್ತಿರ ಕುಳಿತಿದ್ದರು. ಒಂದು ಹುಳ ಅಂಚು ಹತ್ತಿ ಹೊರಗೆ ಬಂದಿತ್ತಂತೆ, ಪಕ್ಕದ ಮನೆಯ ಕೋಳಿಯ ಬಾಯಿಗೆ ಹೋಗುತ್ತದೆಂದು ಅಂಗೈ ಅಡ್ಡ ಹಿಡಿದಿದ್ದಾರೆ. ಅದು ಕೋಡು ಚಾಚಿಕೊಂಡು ಅವರ ಕೈ ಮೇಲೆ ಏರಿಬಿಟ್ಟಿದೆ. ಆಯಿ ಅಲುಗದೆ ಕುಳಿತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು. ನನ್ನನ್ನು ನೋಡಿ, 'ಉಪ್ಪು ಹಾಕಿದಾಕಿ ನಾನ ಅಂತ ಇದಕ್ಕ ಗೊತ್ತಿಲ್ಲ ನೋಡು ನಾಗರತ್ನಾ' ಎಂದರು. ಕಲ್ಪನಾ, ಹುಳಕ್ಕೆ ಗೊತ್ತಿಲ್ಲ. ನಿನಗೆ ಗೊತ್ತಿದೆ. ಹುಳ ಬಂದದ್ದು ಅವರಿಗೆ ಸಾಕಾಗುವುದಿಲ್ಲ, ಗೊತ್ತಿದ್ದವಳೇ ಕರೆಯಬೇಕು. ಏನೂ ಕೇಳಬಾರದೆಂದೇ ಇಷ್ಟು ಬರೆದೆ, ಈಗ ಕೇಳುತ್ತಿದ್ದೇನೆ. ಮಹೇಶನ ಕೈಯಲ್ಲಿ ಆಯಿಯ ಹೆಸರಿಗೆ ಎರಡು ಸಾಲು ಬರೆದು ಕಳಿಸು. ಅವರಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ. ನೀನು ಏನೇ ಬರೆದಿದ್ದರೂ ನಾನು 'ಆಯಿ, ತೊಟ್ಟಿಲಿಗಿ ಬರ್ರಿ' ಎಂದೇ ಓದುವವಳು. ಆದರೆ ಈ ವಯಸ್ಸಿನಲ್ಲಿ ನನ್ನ ಕೈಯಿಂದ ಸುಳ್ಳು ಓದಿಸಬೇಡ ಮಗಳೇ.